ಮೂವತ್ತೆಂಟನೆಯ ಸ್ಥಾನ

ಭಾನುವಾರ ಬೆಳಗ್ಗೆ ಚರ್ಚಿನ ಎಂಟರ ಬಲಿಪೂಜೆಗೆ ಹೊರಡಲೆಂದು ಎಡ್ಮಂಡ್ ಕಾಟಮ್ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಒಂದು ಬೂಟು ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ಹಾಗೆಯೇ ಹೋಗಿ ಬಾಗಿಲು ತೆಗೆದರು. ಇಬ್ಬರು ಪೊಲೀಸರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಮೂವತ್ತು ವರ್ಷ ಪ್ರೆಸ್ಟನ್ ಊರಿನ ಬಸ್ಸು ಓಡಿಸಿದ ಎಡ್ಮಂಡರಿಗೆ ಪೊಲೀಸರು ಹೊಸಬರಲ್ಲ. ಅವರು ಟೋಪಿ ತೆಗೆಯುವುದು ಯಾವ ಸುದ್ದಿ ತಂದಾಗ ಎಂಬುದೂ ಗೊತ್ತಿತ್ತು.

"ಡಾಮಿನಿಕ್ ಕಾಟಮ್ ಅಂದ್ರೆ ನಿಮ್ಮ ಮಗನಾ, ಯಜಮಾನ್ರೇ?" ಎಂದು ಹಿರಿಯ ಪೊಲೀಸಿನವನು ಕೇಳಿದ.

ಶನಿವಾರ ಸಂಜೆ ಏಳೂವರೆಗೆ, ಮಳೆಯಲ್ಲಿ, ಗುಡ್ಡದಾಚೆಯ ಹೆದ್ದಾರಿಯಲ್ಲಿ ವ್ಯಾನು ಮಗುಚಿತ್ತು. ಅದರಲ್ಲಿದ್ದ ಹಾಡಿನ ತಂಡದ ನಾಲ್ವರಲ್ಲಿ ಮೂವರು ಉಳಿದರು. ಡಾಮಿನಿಕ್ ಉಳಿಯಲಿಲ್ಲ. ಅವನು ತೊಟ್ಟಿದ್ದ ಕೋಟು ಇನ್ನೊಬ್ಬನದು. ಅದರ ಜೇಬಿನ ಕಾಗದ ನೋಡಿ ಮೊದಲು ಬೇರೆ ಮನೆಯವರನ್ನು ಎಬ್ಬಿಸಿದ್ದರಂತೆ. ಆ ಮನೆಯ ತಾಯಿ ಆಸ್ಪತ್ರೆಗೆ ಹೋಗಿ ನೋಡಿ, ಇವನು ನನ್ನ ಮಗನಲ್ಲ ಎಂದಳಂತೆ. ಎಡ್ಮಂಡರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಇನ್ನೊಂದು ಬೂಟನ್ನೂ ಹಾಕಿಕೊಂಡು, ದಾರ ಬಿಗಿದು, ಅವರ ಜೊತೆ ಹೊರಟರು.

ಡಾಮಿನಿಕನಿಗೆ ಇಪ್ಪತ್ತನಾಲ್ಕು ವರ್ಷ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅವನು ಹಾಡುತ್ತಿದ್ದ ತಂಡಕ್ಕೆ ಐದು ವರ್ಷ ಯಾವ ಹೆಸರೂ ಬಂದಿರಲಿಲ್ಲ. ಆ ಶರತ್ಕಾಲದಲ್ಲಿ ಮಾತ್ರ 'ಗಾಜಿನ ಮೇಲೆ ಉಸಿರು' ಎಂಬ ಅವರ ಹಾಡನ್ನು ರೇಡಿಯೋದವರು ಎರಡು ಮೂರು ಸಲ ಹಾಕಿದರು. ರೆಕಾರ್ಡು ಮಾರಾಟದ ಪಟ್ಟಿಯಲ್ಲಿ ಅದು ಐವತ್ತೆರಡನೆಯ ಸ್ಥಾನಕ್ಕೆ ಬಂತು. ನಲವತ್ತರೊಳಗೆ ಬಂದರೆ ಭಾನುವಾರ ಸಂಜೆ ರೇಡಿಯೋದಲ್ಲಿ ಇಡೀ ದೇಶವೇ ಕೇಳುತ್ತದೆ. ನಲವತ್ತೊಂದಾದರೆ ಯಾರೂ ಕೇಳುವುದಿಲ್ಲ. ಗುರುವಾರ ಡಾಮಿನಿಕ್ ಯಾವುದೋ ರಸ್ತೆಬದಿಯ ಫೋನಿನಿಂದ ಮಾತಾಡಿದ್ದ.

"ಅಪ್ಪಾ, ನಲವತ್ತರೊಳಗೆ ಬಂದ್ರೆ ಸಾಕು. ಒಂದೇ ಒಂದು ವಾರ. ಆಮೇಲೆ ನೀನು ಹೇಳಿದ ಕೆಲಸಕ್ಕೆ ಸೇರ್ತೀನಿ, ಬಸ್ಸೇ ಓಡಿಸ್ತೀನಿ ಬೇಕಾದ್ರೆ."

"ನೀನು ಓಡಿಸೋ ಬಸ್ಸಿಗೆ ಯಾರೋ ಹತ್ತೋದು? ಗದ್ದಲಕ್ಕೇ ಇಳಿದು ಓಡ್ತಾರೆ," ಎಂದಿದ್ದರು ಎಡ್ಮಂಡರು. ಮಗ ನಕ್ಕಿದ್ದ. ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದಿದ್ದ. ಅಷ್ಟರಲ್ಲಿ ನಾಣ್ಯ ಮುಗಿದು ಫೋನು ಕಡಿದಿತ್ತು.

ಭಾನುವಾರ ಮಧ್ಯಾಹ್ನ ಮಗಳು ಮೋನಿಕಾ ಲ್ಯಾಂಕಾಸ್ಟರಿನಿಂದ ಬಂದಳು. ಡಾಮಿನಿಕನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು, ಶಾಲೆಯಲ್ಲಿ ಟೀಚರು. ಅಪ್ಪನನ್ನು ತಬ್ಬಿಕೊಂಡು ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಕೆಲಸಕ್ಕೆ ನಿಂತಳು. ನೆರೆಯವರು ತಂದಿಟ್ಟ ಆಲೂಗಡ್ಡೆ ಬೆಣ್ಣೆ ತುಂಬಿ ಸುಟ್ಟ ಪೈಗಳನ್ನು ಸಾಲಾಗಿ ಜೋಡಿಸಿದಳು. ಬಂದವರಿಗೆಲ್ಲ ಚಹಾ ಕೊಟ್ಟಳು. ಸಂಜೆ ಹೊತ್ತಿಗೆ, "ಅಪ್ಪಾ, ಕಪ್ಪು ಸೂಟು ಬೀರುವಿನಲ್ಲಿದೆಯಾ? ತೆಗೆದು ಇಸ್ತ್ರಿ ಮಾಡ್ತೀನಿ," ಎಂದು ಮೆಟ್ಟಿಲು ಹತ್ತಿದಳು.

"ಬೀರು ಮುಟ್ಟಬೇಡ!"

ಅವರ ದನಿಗೆ ಅವರೇ ಬೆಚ್ಚಿದರು. ಮೋನಿಕಾ ಮೆಟ್ಟಿಲ ನಡುವೆ ನಿಂತು ತಿರುಗಿ ನೋಡಿದಳು.

"ನಾನೇ ತೆಗೀತೀನಿ," ಎಂದರು ಮೆಲ್ಲಗೆ. "ಅಮ್ಮನ ಬಟ್ಟೆ ಇದೆ ಅದರಲ್ಲಿ."

ಅಮ್ಮನ ಬಟ್ಟೆ ಇದ್ದದ್ದು ನಿಜ. ಅದರ ಕೆಳಗೆ, ಅಮ್ಮನ ಟೋಪಿಯ ದುಂಡು ಪೆಟ್ಟಿಗೆಯಲ್ಲಿ, 'ಗಾಜಿನ ಮೇಲೆ ಉಸಿರು' ಹಾಡಿನ ಇಪ್ಪತ್ತಾರು ರೆಕಾರ್ಡುಗಳಿದ್ದವು.

ಶುಕ್ರವಾರ ಮತ್ತು ಶನಿವಾರ ಎಡ್ಮಂಡರು ಮುದುಕರಿಗೆ ಕೊಡುವ ಬಸ್ ಪಾಸು ಹಿಡಿದು ಊರೂರು ಸುತ್ತಿದ್ದರು. ಚಾರ್ಲಿ ಊರಿಗೆ ಹೋದರು, ಬ್ಲ್ಯಾಕ್‌ಬರ್ನಿಗೆ ಹೋದರು, ಲೇಲ್ಯಾಂಡಿಗೆ ಹೋದರು. ಒಂದೊಂದು ಅಂಗಡಿಯಲ್ಲಿ ಎರಡೋ ಮೂರೋ, ಅನುಮಾನ ಬಾರದಷ್ಟು. ಪಟ್ಟಿ ಮಾಡುವವರು ಎಲ್ಲ ಅಂಗಡಿಯ ಮಾರಾಟವನ್ನೂ ನೋಡುವುದಿಲ್ಲ. ದೇಶದಲ್ಲಿ ಆಯ್ದ ಕೆಲವು ನೂರು ಅಂಗಡಿಗಳಿಗೆ ಒಂದೊಂದು ಡೈರಿ ಕೊಟ್ಟಿರುತ್ತಾರೆ. ಮಾರಿದ ರೆಕಾರ್ಡನ್ನೆಲ್ಲ ಅಂಗಡಿಯವರು ಅದರಲ್ಲಿ ಬರೆಯಬೇಕು. ಶನಿವಾರ ಐದೂವರೆಗೆ ಬಾಗಿಲು ಹಾಕಿದ ಮೇಲೆ ಡೈರಿ ಲಂಡನ್ನಿಗೆ ಹೋಗುತ್ತದೆ, ಮಂಗಳವಾರ ರೇಡಿಯೋದಲ್ಲಿ ಪಟ್ಟಿ ಓದುತ್ತಾರೆ, ಮುಂದಿನ ಭಾನುವಾರ ಹಾಡುಗಳನ್ನು ಹಾಕುತ್ತಾರೆ. ಯಾವ ಅಂಗಡಿಯಲ್ಲಿ ಡೈರಿ ಇದೆ ಎಂಬುದು ಗುಟ್ಟು. ಆ ಗುಟ್ಟು ಊರಿನ ಶಾಲೆಯ ಹುಡುಗಿಯರಿಗೆಲ್ಲ ಗೊತ್ತಿತ್ತು. ಅವರು ಬಸ್ಸಿನಲ್ಲಿ ಮಾತಾಡಿಕೊಂಡದ್ದನ್ನು ಎಡ್ಮಂಡರು ವರ್ಷಗಟ್ಟಲೆ ಕೇಳಿಸಿಕೊಂಡಿದ್ದರು.

ಕೊನೆಗೆ ಶನಿವಾರ ಐದು ಗಂಟೆ ದಾಟಿದ ಮೇಲೆ, ಪ್ರೆಸ್ಟನ್ನಿನಲ್ಲೇ, ಡಾಟ್ ಫೇರ್‌ಕ್ಲಫ್‌ಳ ಅಂಗಡಿಗೂ ಹೋದರು. ಡಾಟ್ ಅವರದೇ ಚರ್ಚಿನ ಪ್ಯಾರಿಷಿನವಳು, ಐವತ್ತೈದರ ವಿಧವೆ. ಊರಿನ ವಾರಪತ್ರಿಕೆಗೆ ಪ್ರತಿ ಗುರುವಾರ 'ಈ ವಾರದ ಪಟ್ಟಿ' ಎಂಬ ಅಂಕಣ ಬರೆಯುತ್ತಿದ್ದಳು. "ನಾಲ್ಕು ಕೊಡಮ್ಮ. ತಂಗಿ ಮಗಳಿಗೆ," ಎಂದಿದ್ದರು ಎಡ್ಮಂಡರು. ಡಾಟ್ ಏನೂ ಅನ್ನದೆ ನಾಲ್ಕನ್ನೂ ಚೀಲಕ್ಕೆ ಹಾಕಿ ಕೊಟ್ಟಿದ್ದಳು.

ಭಾನುವಾರದ ಊಟದ ಹೊತ್ತಿಗೆ ಪೆಟ್ಟಿಗೆ ತಂದು ಮಗನ ಮುಂದಿಡಬೇಕು, ಅವನ ಮುಖ ನೋಡಬೇಕು ಎಂದುಕೊಂಡಿದ್ದರು. ಆ ಒಂದು ನಗುವಿಗಾಗಿ ಎರಡು ದಿನ ಮಳೆಯಲ್ಲಿ ಅಲೆದಿದ್ದರು.

ಸೋಮವಾರ ಡಾಟ್ ಫೋನು ಮಾಡಿದಳು. "ಎಡ್ಮಂಡ್, ನಾಳೆ ಹನ್ನೆರಡೂ ಮುಕ್ಕಾಲಿಗೆ ರೇಡಿಯೋ ಹಾಕಿ. ಆಗಲ್ಲ ಅನ್ನಿಸಿದ್ರೆ ಬೇಡ, ನಾನೇ ಬಂದು ಹೇಳ್ತೀನಿ. ಆದ್ರೆ ಒಂದು ಮಾತು ತಿಳ್ಕೊಳ್ಳಿ. ಈ ವಾರದ ಲೆಕ್ಕ ನಿಂತಾಗ ಹುಡುಗ ಇನ್ನೂ ಇದ್ದ. ಇದು ಅವನದೇ ನಂಬರು. ಮುಂದಿನ ವಾರದ್ದು ಅವನದಲ್ಲ."

ಅವಳು ಸಮಾಧಾನಕ್ಕೆಂದೇ ಹೇಳಿದಳು. ಆದರೆ ಆ ಮಾತು ಎಡ್ಮಂಡರ ಎದೆಯಲ್ಲಿ ಮುಳ್ಳಿನಂತೆ ಕೂತಿತು. ನಾಳೆ ಬರುವುದು ಅವನದೇ ನಂಬರೇ? ನಲವತ್ತರೊಳಗೆ ಬಾರದಿದ್ದರೆ ಮಗ ಸೋತು ಹೋದಂತೆ. ಬಂದರೆ, ಅವನನ್ನು ಒಳಕ್ಕೆ ತಳ್ಳಿದ್ದು ತನ್ನ ಕೈಯೇ ಇರಬಹುದು. ಯಾವುದು ಬರಲಿ ಎಂದು ಬೇಡುವುದು? ಜಪಸರ ಹಿಡಿದು ಕೂತರು. ಬೆರಳು ಮಣಿಗಳ ಮೇಲೆ ಹೋಗುತ್ತಿತ್ತು. ಮನಸ್ಸು ಚಾರ್ಲಿಯ ಅಂಗಡಿಯಲ್ಲಿ ಮೂರು, ಬ್ಲ್ಯಾಕ್‌ಬರ್ನಿನಲ್ಲಿ ಎರಡು ಎಂದು ಎಣಿಸುತ್ತಿತ್ತು. ಸತ್ತ ಮಗನಿಗೆ ಪ್ರಾರ್ಥಿಸುವಾಗಲೂ ಇದೇ ಯೋಚನೆಯೇ ಎಂದು ನಾಚಿಕೆಪಟ್ಟು ಮೊದಲಿನಿಂದ ಶುರುಮಾಡಿದರು. ಮತ್ತೆ ಅಲ್ಲಿಗೇ ಬಂದು ನಿಂತರು.

ಮಂಗಳವಾರ ಅಡಿಗೆಮನೆಯ ಮೇಜಿನ ಮೇಲೆ ರೇಡಿಯೋ ಇಟ್ಟು ಅಪ್ಪ ಮಗಳು ಎದುರುಬದುರು ಕೂತರು. ಚಹಾ ಆರಿತು. ರೇಡಿಯೋದವನು ಕೆಳಗಿನಿಂದ ಓದತೊಡಗಿದ. ನಲವತ್ತು, ಯಾರದೋ ಹೆಸರು. ಮೂವತ್ತೊಂಬತ್ತು, ಇನ್ನಾರದೋ ಹೆಸರು. ಎಡ್ಮಂಡರು ಮೇಜಿನ ಅಂಚನ್ನು ಹಿಡಿದುಕೊಂಡರು. ಬರಲಿಲ್ಲ, ಬರಲಿಲ್ಲ, ಮುಗಿಯಿತು ಎಂದುಕೊಂಡರು. ಹಗುರವೂ ಆಯಿತು, ದುಃಖವೂ ಆಯಿತು. "ಮೂವತ್ತೆಂಟು," ಎಂದ ರೇಡಿಯೋದವನು. ಒಂದು ಗಳಿಗೆ ತಡೆದು, ಡಾಮಿನಿಕನ ತಂಡದ ಹೆಸರು ಹೇಳಿದ.

ಮೋನಿಕಾ ಎದ್ದು ನಿಂತು ಬಾಯಿಗೆ ಎರಡೂ ಕೈ ಒತ್ತಿಕೊಂಡಳು. "ಗೆದ್ದ ಅಪ್ಪಾ! ನಮ್ಮ ಮುಠ್ಠಾಳ ಗೆದ್ದುಬಿಟ್ಟ!" ಎಂದು ಅಳುತ್ತಲೇ ನಕ್ಕಳು. "ಮಣ್ಣಿನ ದಿನ ಹಂಚೋ ಪ್ರಾರ್ಥನಾ ಕಾರ್ಡಿನಲ್ಲಿ ಇದನ್ನ ಹಾಕಿಸಬೇಕು. ಹೆಸರು, ತಾರೀಖು, ಕೆಳಗೆ ಇದು. ನಾಳೆ ಬೆಳಗ್ಗೆಯೊಳಗೆ ಪ್ರೆಸ್ಸಿನವರಿಗೆ ಕೊಡಬೇಕು. ಏನಪ್ಪಾ, ಏನಾದ್ರೂ ಹೇಳು!"

"ಕಾರ್ಡಿನ ಮೇಲೆ ಬೇಡ," ಎಂದರು ಎಡ್ಮಂಡರು.

"ಯಾಕೆ ಬೇಡ?"

"ಅದು ದೇವರ ಕಾರ್ಡು. ನಂಬರು ಯಾಕೆ?"

ಮೋನಿಕಾಳ ಮುಖ ಗಟ್ಟಿಯಾಯಿತು. "ನಿನಗೆ ಅವನ ಹಾಡು ಯಾವತ್ತೂ ಹಿಡಿಸಲಿಲ್ಲ. ಸತ್ತ ಮೇಲಾದ್ರೂ ಒಂದು ಒಳ್ಳೇ ಮಾತು ಬರಬಾರದಾ ಬಾಯಲ್ಲಿ?" ಎಂದು ಹಿತ್ತಿಲಿಗೆ ಹೋಗಿ ಬಾಗಿಲು ಎಳೆದುಕೊಂಡಳು.

ಅವರು ರೇಡಿಯೋ ಆರಿಸಿದರು.

ಮೂರು ಗಂಟೆಗೆ ಡಾಟ್ ಬಂದಳು. ಮೋನಿಕಾ ಫಾದರ್ ಗಿಲ್ಲೋ ಅವರನ್ನು ಕಾಣಲು ಚರ್ಚಿಗೆ ಹೋಗಿದ್ದಳು. ಡಾಟ್ ಒದ್ದೆ ಕೋಟನ್ನೂ ಬಿಚ್ಚದೆ ಕೈಚೀಲದಿಂದ ಎರಡು ಹಾಳೆ ತೆಗೆದಳು. "ಅಂಕಣ ಬರೆದಿದ್ದೀನಿ. ನಾಳೆ ಹನ್ನೆರಡಕ್ಕೆ ಕೊಡಬೇಕು. ನಿಮಗೆ ಓದಿ ತೋರಿಸದೆ ಕೊಡಲ್ಲ," ಎಂದು ಕನ್ನಡಕ ಏರಿಸಿ ಓದಿದಳು:

"ಈ ವಾರ ಪಟ್ಟಿಯ ತುದಿಯಲ್ಲಿ ಅಲುಗಾಟವಿಲ್ಲ. ಮೊದಲನೆಯ ಸ್ಥಾನದ ಪ್ರೇಮಗೀತೆ ಮೂರನೆಯ ವಾರವೂ ಅಲ್ಲೇ ಕಾಲು ಚಾಚಿ ಕೂತಿದೆ. ಯಾರಾದರೂ ಅದಕ್ಕೆ ಕೋಟು ತಂದುಕೊಟ್ಟು ಬಾಗಿಲವರೆಗೆ ಬಿಟ್ಟುಬರಬೇಕು. ಎರಡನೆಯದಕ್ಕೆ ಏರಿದವರು ಕಣ್ಣಿಗೆ ಕಾಡಿಗೆ ಹಚ್ಚಿದ ಹುಡುಗರು. ಅವರ ಅಕ್ಕತಂಗಿಯರು ಮೇಕಪ್ಪಿನ ಡಬ್ಬಿ ಹುಡುಕುತ್ತಿರಬೇಕು. ನವೆಂಬರ್ ಹುಟ್ಟಿ ಹತ್ತು ದಿನವಾಗಿಲ್ಲ, ಕ್ರಿಸ್‌ಮಸ್ ಹಾಡೊಂದು ಆಗಲೇ ಇಪ್ಪತ್ತೊಂಬತ್ತಕ್ಕೆ ಬಂದಿದೆ.

"ಇನ್ನು ಮೂವತ್ತೆಂಟನೆಯದು. ಹೋದ ವಾರ ಐವತ್ತೆರಡರಲ್ಲಿದ್ದ ನಮ್ಮೂರಿನ ಡಾಮಿನಿಕ್ ಕಾಟಮ್‌ನ ಹಾಡು ಹದಿನಾಲ್ಕು ಸ್ಥಾನ ಏರಿದೆ. ಮುಂದಿನ ವಾರ ಅದು ಇನ್ನೂ ಏರುತ್ತದೆ. ಆಗ ಜನ ಮರುಕದಿಂದ ಕೊಳ್ಳುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಅಂಗಡಿಗಳು ಶನಿವಾರ ಐದೂವರೆಗೆ ಬಾಗಿಲು ಹಾಕಿದಾಗ ಡಾಮಿನಿಕ್ ಬದುಕಿದ್ದ. ಆದ್ದರಿಂದ ಈ ವಾರ ಕೊಂಡವರು ಅವನ ಪರಿಚಯದವರಲ್ಲ, ಅವನ ನಂಟರಲ್ಲ. ಹಾಡು ಕೇಳಿ, ಹಾಡು ಬೇಕೆನಿಸಿ ಕೊಂಡವರು."

ಡಾಟ್ ಹಾಳೆ ಮಡಿಸಿ ಕಣ್ಣೊರೆಸಿಕೊಂಡಳು. "ಹೇಗಿದೆ?"

ಎಡ್ಮಂಡರು ಆ ಹಾಳೆಗಳನ್ನೇ ನೋಡಿದರು. ಚೆನ್ನಾಗಿದೆ ಎಂದರೆ ಮುಗಿಯಿತು. ಊರೆಲ್ಲ ಓದುತ್ತದೆ, ಮೋನಿಕಾ ಕತ್ತರಿಸಿಟ್ಟುಕೊಳ್ಳುತ್ತಾಳೆ, ಮಗನಿಗೆ ಗೌರವ. ಆದರೆ ದೇವರೆದುರು ನಿಂತಿರುವ ಹುಡುಗನ ಹೆಗಲ ಮೇಲೆ ಅಪ್ಪನ ಸುಳ್ಳನ್ನು ಹೊರಿಸಿದಂತೆ. ಇನ್ನೊಂದು ಕಡೆ, ಬಾಯಿ ಬಿಟ್ಟರೆ ಅವನಿಗೆ ಸಿಕ್ಕ ಒಂದೇ ಒಂದನ್ನೂ ತಾನೇ ಕಿತ್ತುಕೊಂಡಂತೆ. ಅವರು ಮೆಟ್ಟಿಲು ಹತ್ತಿ ಹೋಗಿ, ದುಂಡು ಪೆಟ್ಟಿಗೆ ತಂದು, ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು.

ಡಾಟ್ ನೋಡಿದಳು. ಒಂದೊಂದಾಗಿ ಬೆರಳಿನಿಂದ ಸರಿಸಿದಳು. "ಅಯ್ಯೋ ದೇವರೇ. ಎಷ್ಟಿವೆ?"

"ಇಪ್ಪತ್ತಾರು. ನಾಲ್ಕು ನಿನ್ನವು."

"ಅಲ್ಲಾರೀ, ಅಂಗಡಿ ತೆರೆಯೋಷ್ಟಿದೆಯಲ್ಲ!" ಎಂದು ಡಾಟ್ ನಕ್ಕುಬಿಟ್ಟಳು. ನಗು ಅರ್ಧಕ್ಕೇ ನಿಂತಿತು. "ಇದನ್ನ ಫಾದರ್ ಗಿಲ್ಲೋ ಹತ್ರ ಹೇಳಬೇಕಿತ್ತು, ಎಡ್ಮಂಡ್. ನನ್ನ ಹತ್ರ ಯಾಕೆ?"

"ಫಾದರ್ ಪತ್ರಿಕೆಗೆ ಬರೆಯಲ್ಲ. ನೀನು ಬರೀತೀಯ. ನಂಟರು ಕೊಳ್ಳಲಿಲ್ಲ ಅಂತ ಬರೆದಿದ್ದೀಯಲ್ಲ."

ಡಾಟ್ ಕುರ್ಚಿ ಎಳೆದು ಕೂತಳು. "ಯಾವ ಯಾವ ಅಂಗಡಿ?" ಎಂದು ಕೇಳಿದಳು. ಅವರು ಹೇಳುತ್ತ ಹೋದರು. ಅವಳು ತಲೆಯಾಡಿಸುತ್ತ ಹೋದಳು. "ಅಲ್ಲಿ ಡೈರಿ ಇಲ್ಲ. ಅಲ್ಲೂ ಇಲ್ಲ, ಹುಡುಗೀರು ಸುಮ್ಮನೆ ಹೇಳಿದ್ದಾರೆ. ಬ್ಲ್ಯಾಕ್‌ಬರ್ನಿನದು, ಇರಬಹುದು. ನನ್ನ ಅಂಗಡಿ, ಇದೆ."

"ನನ್ನವು ನಾಲ್ಕನ್ನ ಬರೆದೆಯಾ?"

"ಬರೆದೆ." ಅವಳು ತಲೆ ತಗ್ಗಿಸಿದಳು. "ಮನೆಯವರು ಗಂಟುಗಂಟಾಗಿ ಕೊಂಡ್ರೆ ಬರೀಬಾರದು ಅಂತ ನಿಯಮ. ನಿಮಗೆ ತಂಗೀನೇ ಇಲ್ಲ ಅಂತ ನನಗೆ ಗೊತ್ತಿಲ್ಲವಾ? ನಲವತ್ತು ವರ್ಷದಿಂದ ಒಂದೇ ಚರ್ಚು. ಟೋಪಿ ಕಣ್ಣಿನವರೆಗೆ ಎಳ್ಕೊಂಡು ಬಂದು ನಿಂತಿದ್ರಿ, ಬ್ಯಾಂಕ್ ದೋಚೋನ ಹಾಗೆ. ನೋಡಿ ಕರುಳು ಚುರ್ ಅಂತು. ಬರೆದುಬಿಟ್ಟೆ."

"ಹಾಗಾದ್ರೆ ಹೇಳು, ಡಾಟ್. ಅವನು ತಾನೇ ಬಂದನಾ, ನಾನು ತಳ್ಳಿದೆನಾ?"

"ಗೊತ್ತಿಲ್ಲ ಎಡ್ಮಂಡ್. ಡೈರಿಯ ಒಂದು ಗೆರೆಗೆ ಅವರು ಎಷ್ಟೋ ಪಟ್ಟು ಹಾಕಿ ಲೆಕ್ಕ ಮಾಡ್ತಾರೆ. ಅಷ್ಟು ಕೆಳಗೆ ಒಂದಕ್ಕೂ ಇನ್ನೊಂದಕ್ಕೂ ಒಂದು ಹಿಡಿಯಷ್ಟೇ ವ್ಯತ್ಯಾಸ. ನಮ್ಮದರಿಂದ ಎರಡು ಮೆಟ್ಟಿಲು ಹತ್ತಿರಬಹುದು, ಏನೂ ಆಗದೆಯೂ ಇರಬಹುದು. ಲಂಡನ್ನಿನಲ್ಲಿ ಕೂಡಿಸಿದವರಿಗೂ ಇದು ಗೊತ್ತಾಗಲ್ಲ."

ಅವರು ಹೆದರಿದ್ದು ಇದೇ ಉತ್ತರಕ್ಕೆ. ಹೌದೆಂದರೂ ತಡೆದುಕೊಳ್ಳಬಹುದಿತ್ತು, ಇಲ್ಲವೆಂದರೂ ತಡೆದುಕೊಳ್ಳಬಹುದಿತ್ತು.

"ಬರಿ," ಎಂದರು ಕೊನೆಗೆ. "ಅವನಪ್ಪ ಇಪ್ಪತ್ತಾರು ಕೊಂಡ ಅಂತ ಬರಿ. ಗೊತ್ತಿಲ್ಲ ಅಂತಾನೂ ಬರಿ."

"ಬರೆದ್ರೆ ನನ್ನ ಅಂಗಡಿಯಿಂದ ಡೈರಿ ಕಿತ್ಕೊಳ್ತಾರೆ."

ಎಡ್ಮಂಡರು ಗಾಬರಿಯಾದರು. ಅದು ಅವರಿಗೆ ಹೊಳೆದಿರಲಿಲ್ಲ. ಡೈರಿ ಇರುವ ಅಂಗಡಿಗೆ ಮಾತ್ರ ಕಂಪನಿಯವರು ಹೊಸ ರೆಕಾರ್ಡು ಮೊದಲು ತಂದುಕೊಡುವುದು; ಡಾಟ್‌ಳ ಬಾಳು ನಡೆಯುತ್ತಿದ್ದದ್ದೇ ಅದರಿಂದ. "ಹಾಗಾದ್ರೆ ನಿನ್ನ ನಾಲ್ಕನ್ನ ಬಿಡು. ಉಳಿದದ್ದು ಬರಿ."

"ಉಳಿದದ್ದು ಬರೆದು ಅದನ್ನ ಬಿಟ್ರೆ ನನ್ನ ಸುಳ್ಳು ಉಳೀತದಲ್ಲ. ನಿಮ್ಮದನ್ನ ತೊಳೆಯೋಕೆ ಬಂದು ನನ್ನದನ್ನ ಹೊತ್ಕೊಂಡು ಹೋಗ್ಲಾ?" ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. "ನೀವು ಒಂದು ಮಾಡಿ. ಮೋನಿಕಾಗೆ ಇವತ್ತೇ ಹೇಳಿ. ಗುರುವಾರ ಪತ್ರಿಕೆ ನೋಡಿ ಆ ಹುಡುಗಿಗೆ ಗೊತ್ತಾಗಬಾರದು."

ಮೋನಿಕಾ ಐದು ಗಂಟೆಗೆ ಬಂದಾಗ ಪೆಟ್ಟಿಗೆ ಮೇಜಿನ ಮೇಲೇ ಇತ್ತು. ಎಡ್ಮಂಡರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಅವಳು ಬೈಯುತ್ತಾಳೆ, ತಮ್ಮನ ಗೆಲುವನ್ನು ಹಾಳುಮಾಡಿದೆ ಎನ್ನುತ್ತಾಳೆ ಎಂದು ಕಾದರು. ಅವಳು ಒಂದು ರೆಕಾರ್ಡು ಎತ್ತಿಕೊಂಡು ಅದರ ಮೇಲಿನ ತಮ್ಮನ ಚಿತ್ರವನ್ನೇ ನೋಡುತ್ತ ಕೂತಳು.

"ಅವನಿಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಏನು?"

"ನೀನು ಕೊಂಡಿದ್ದು. ಅವನಿಗೆ ಹೇಳಿದ್ಯಾ?"

"ಭಾನುವಾರ ಊಟಕ್ಕೆ ಬಂದಾಗ ಹೇಳೋಣ ಅಂತ..."

"ಅಪ್ಪಾ!" ಅವಳು ಕಿರುಚಿದಳು. "ನಂಬರು ಹಾಳಾಗಿ ಹೋಗಲಿ! ಐದು ವರ್ಷ ನನ್ನ ಹತ್ರ ಒಂದೇ ಕೇಳ್ತಿದ್ದ, 'ಅಪ್ಪ ಏನಂದ, ಅಪ್ಪ ಕೇಳಿದನಾ' ಅಂತ. ದೇಶಕ್ಕೆಲ್ಲ ಕೇಳಿಸಬೇಕು ಅಂತ ಯಾಕಿತ್ತು ಅಂದ್ಕೊಂಡೆ? ಅಲ್ಲಿ ಕೇಳಿಸಿದ್ರೆ ಈ ಮನೇಲಿ ಕೇಳಿಸ್ತದೆ ಅಂತ. ಫೋನಲ್ಲಿ ಒಂದು ಮಾತು ಹೇಳಕ್ಕೆ ನಿನಗೆ ಏನಾಗಿತ್ತು?"

ಎಡ್ಮಂಡರು ಮೂರು ದಿನದಿಂದ ನಂಬರಿನ ಹಿಂದೆ ಅಡಗಿಸಿಟ್ಟದ್ದು ಇದನ್ನೇ. ಬಸ್ಸು ಹತ್ತಿ ಊರೂರು ಅಲೆಯುವುದು ಸುಲಭವಾಗಿತ್ತು. "ಚೆನ್ನಾಗಿದೆ ಮಗಾ" ಎನ್ನುವುದು ಆಗಿರಲಿಲ್ಲ. ಅವರು ಕುರ್ಚಿಯ ಮೇಲೆ ಕುಸಿದು, ಭಾನುವಾರದಿಂದ ಮೊದಲ ಸಲ, ಗಟ್ಟಿಯಾಗಿ ಅತ್ತರು. ಮೋನಿಕಾ ಮೊದಲು ದೂರವೇ ನಿಂತಿದ್ದಳು. ಆಮೇಲೆ ಬಂದು ಅವರ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಕತ್ತಲಾಗುವವರೆಗೆ ಇಬ್ಬರೂ ಹಾಗೆಯೇ ಇದ್ದರು. ಆಮೇಲೆ ಅವಳು ಮುಂದಿನ ಕೋಣೆಯಲ್ಲಿ ರೆಕಾರ್ಡು ಹಾಕಿದಳು. ಎಡ್ಮಂಡರು ಮಗನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಗದ್ದಲವಿತ್ತು. ಗದ್ದಲದ ನಡುವೆ ಒಂದು ಕಡೆ ಅವನ ದನಿ ಮೇಲಕ್ಕೆ ಹೋಗಿ ನಿಂತುಕೊಂಡಾಗ, "ಇನ್ನೊಂದ್ಸಲ ಹಾಕು," ಎಂದರು.

ಗುರುವಾರದ ಪತ್ರಿಕೆಯಲ್ಲಿ ಮೊದಲನೆಯ ಸ್ಥಾನದ ಕೋಟೂ ಇತ್ತು, ಕಾಡಿಗೆಯ ಹುಡುಗರೂ ಇದ್ದರು. ಮೂವತ್ತೆಂಟನೆಯದರ ಬಗ್ಗೆ ಡಾಟ್ ಹೀಗೆ ಬರೆದಿದ್ದಳು: "ಇದರಲ್ಲಿ ಇಪ್ಪತ್ತಾರನ್ನು ಕೊಂಡವರು ಅವನ ತಂದೆ. ಮಗನಿಗೆ ಹೇಳಿರಲಿಲ್ಲ. ನಾಲ್ಕನ್ನು ಕೊಂಡದ್ದು ಈ ಊರಿನ ಒಂದು ಅಂಗಡಿಯಲ್ಲಿ. ಅಲ್ಲಿದ್ದ ಹೆಂಗಸಿಗೆ ಅವರು ಯಾರೆಂದು ಗೊತ್ತಿತ್ತು, ಬರೆಯಬಾರದೆಂದೂ ಗೊತ್ತಿತ್ತು, ಬರೆದಳು. ಆ ಹೆಂಗಸು ನಾನು. ಲೆಕ್ಕದಲ್ಲಿ ಎಷ್ಟು ತಪ್ಪಾಗಿದೆಯೋ ತಿಳಿಯದು. ಹಾಡನ್ನು ನೀವೇ ಕೇಳಿ ನೋಡಿ."

ಆ ಸಂಜೆ ಶವಪೆಟ್ಟಿಗೆಯನ್ನು ಚರ್ಚಿಗೆ ತಂದರು. ಶುಕ್ರವಾರ ಮಣ್ಣು. ಜನ ಏನನ್ನುತ್ತಾರೋ ಎಂದು ಎಡ್ಮಂಡರು ತಲೆ ಎತ್ತದೆ ಒಳಗೆ ನಡೆದರು. ಬಾಗಿಲ ಬಳಿ ಹಳೆಯ ಕಂಡಕ್ಟರೊಬ್ಬ ಅವರ ತೋಳು ಹಿಡಿದು, "ಇಪ್ಪತ್ತಾರೇನಾ? ನನಗೆ ಒಂದು ಮಾತು ಹೇಳಿದ್ರೆ ಡಿಪೋನೇ ಕಳಿಸ್ತಿದ್ನಲ್ಲೋ," ಎಂದ. ಆಮೇಲೆ ಟೋಪಿ ತೆಗೆದು ಅವರ ಜೊತೆಯೇ ಒಳಗೆ ನಡೆದ. ಡಾಟ್ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಲಂಡನ್ನಿನಿಂದ ಅವಳಿಗೆ ಇನ್ನೂ ಯಾವ ಸುದ್ದಿಯೂ ಬಂದಿರಲಿಲ್ಲ. ಬಂದೇ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಪ್ರಾರ್ಥನೆ ಮುಗಿದು ಜನ ಹೊರಟ ಮೇಲೆ ಎಡ್ಮಂಡರು ಮಗಳ ಕೈ ಹಿಡಿದು ಪೆಟ್ಟಿಗೆಯ ಪಕ್ಕ ಮಂಡಿಯೂರಿದರು. ಹೃದಯದಲ್ಲಿ ಅಳುಕು ಇನ್ನೂ ಇತ್ತು. ಆ ಅಳುಕಿನಿಂದಲೇ ಬೇಡಿಕೊಂಡರು:

"ಕರ್ತನೇ, ನನ್ನ ಮಗ ನಿನ್ನ ಬಳಿಗೆ ಬಂದಿದ್ದಾನೆ. ಅವನ ಲೆಕ್ಕದಲ್ಲಿ ತಪ್ಪಿದ್ದರೆ ಅದು ನನ್ನದು, ಅವನದೆಂದು ಹಿಡಿಯಬೇಡ. ನಾನು ಹೇಳದೆ ಉಳಿಸಿದ ಮಾತನ್ನು ನೀನು ಅವನಿಗೆ ಹೇಳು. ಅವನಿಗೆ ನಿನ್ನ ಬೆಳಕನ್ನು ಕೊಡು, ಅವನ ತಾಯಿಯ ಹತ್ತಿರ ಜಾಗ ಕೊಡು, ಮುಗಿಯದ ವಿಶ್ರಾಂತಿಯನ್ನು ಕೊಡು. ಅವನು ಶಾಂತಿಯಲ್ಲಿರಲಿ. ಆಮೆನ್."